ಮಣಿಕಟ್ಟಿನ ತಕ್ಕಡಿಗೆ ಮುದ್ರೆ ಉಂಟೆ?

ವ್ಯಾಪಾರಸ್ಥನಾದವನು ತನ್ನ ಅಂಗಡಿಯ ತಕ್ಕಡಿಯನ್ನೂ ತೂಕದ ಬಟ್ಟುಗಳನ್ನೂ ಗೊತ್ತುಪಡಿಸಿದ ಅವಧಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗಳಿಗೆ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಎಷ್ಟು ತೂಕಕ್ಕೆ ಎಷ್ಟು ವ್ಯತ್ಯಾಸ ಸಹ್ಯ ಎಂಬುದನ್ನು ಕಾನೂನು ನಿಗದಿಪಡಿಸಿದೆ. ಅದನ್ನು ಮೀರಿದರೆ ದಂಡ. ಸರ್ಕಾರದ ಕಾನೂನು ಬರುವುದಕ್ಕೆ ಶತಮಾನಗಳ ಮೊದಲೇ ನಮ್ಮ ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ವನ್ನು ಸೇರಿಸಿದ್ದರು. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ ಇರಿಸಿಕೊಳ್ಳುವುದು ಶ್ರಾವಕನಿಗೆ ಸಲ್ಲದು. ಅಳತೆಯ ವಿಷಯದಲ್ಲಿ ಇಷ್ಟು ಎಚ್ಚರವನ್ನು ಪರಂಪರೆಯಿಂದಲೇ ಪಡೆದ ನಮ್ಮ ಮನೆಗಳಿಗೆ ಈಚಿನ ವರ್ಷಗಳಲ್ಲಿ ಯಾವ ಮುದ್ರೆಯೂ ಇಲ್ಲದ ಒಂದು ತಕ್ಕಡಿ ಪ್ರವೇಶಿಸಿದೆ. ಯಾದವಗಿರಿಯ ರಸ್ತೆಗಳಲ್ಲಿ ಬೆಳಗಿನ ಹೊತ್ತು ವಾಯುವಿಹಾರಕ್ಕೆ ಹೊರಡುವವರ ಮಣಿಕಟ್ಟುಗಳನ್ನು ಗಮನಿಸಿದರೆ ಸಾಕು, ಅದು ಕಾಣುತ್ತದೆ. ಫಿಟ್‌ನೆಸ್ ಟ್ರ್ಯಾಕರ್, ಸ್ಮಾರ್ಟ್ ವಾಚ್ ಮುಂತಾದ ಹೆಸರುಗಳ ಈ ಸಾಧನವೂ, ಅದರ ಜೊತೆಗೂಡಿದ ಮೊಬೈಲ್ ಆ್ಯಪ್‌ಗಳೂ ದಿನದ ಕೊನೆಗೆ ‘ಇಂದು ನಿಮ್ಮ ದೇಹ ಖರ್ಚು ಮಾಡಿದ್ದು 1,927 ಕ್ಯಾಲೊರಿ’ ಎಂಬಂತಹ ಒಂದು ಅಂಕಿಯನ್ನು ಮುಂದಿಡುತ್ತವೆ. ಆ ಅಂಕಿ ಎಲ್ಲಿಂದ ಬಂತು, ಅದರಲ್ಲಿ ಅಳೆದದ್ದು ಎಷ್ಟು, ಊಹಿಸಿದ್ದು ಎಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕ್ಯಾಲೊರಿ ಎಂಬ ಶಬ್ದ ಮೈಸೂರಿಗೆ ಹೊಸದಲ್ಲ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾದಾಗ ಅದರ ಮುಂದಿದ್ದ ಪ್ರಶ್ನೆ ಕೊರತೆಯದಾಗಿತ್ತು. ಕಡಲೆಕಾಯಿ ಹಿಂಡಿಯ ಹಿಟ್ಟು ಮತ್ತು ಕಡಲೆ ಹಿಟ್ಟನ್ನು ಬೆರೆಸಿ ಅಲ್ಲಿ ರೂಪಿಸಿದ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಹೊಟ್ಟೆಗೆ ಸಾಲದವರಿಗಾಗಿ ಹುಟ್ಟಿದ್ದು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಬಡತನದ ರೇಖೆಯನ್ನು ಎಳೆದದ್ದೂ ಕ್ಯಾಲೊರಿಯಿಂದಲೇ. ಗ್ರಾಮಗಳಲ್ಲಿ ದಿನಕ್ಕೆ 2,400, ನಗರಗಳಲ್ಲಿ 2,100. ಒಂದು ತಲೆಮಾರಿನಲ್ಲಿ ಅದೇ ಮಾನದಂಡ ಕೊರತೆಯನ್ನು ಬಿಟ್ಟು ಅಧಿಕ್ಯವನ್ನು ಅಳೆಯುವ ಕೆಲಸಕ್ಕೆ ಬಂದಿದೆ. ಉದ್ದೇಶ ಬದಲಾಯಿತು; ಅಂದಾಜಿನ ವಿಧಾನ ಮಾತ್ರ ಬಹುಮಟ್ಟಿಗೆ ಹಳೆಯದೇ.

ದೇಹದ ದಿನದ ಖರ್ಚನ್ನು ಮೂರು ಬಾಬುಗಳಾಗಿ ವಿಂಗಡಿಸುವುದು ರೂಢಿ. ಮೊದಲನೆಯದು, ಸುಮ್ಮನೆ ಮಲಗಿದ್ದರೂ ಹೃದಯ, ಮೆದುಳು, ಯಕೃತ್ತು, ಮೂತ್ರಪಿಂಡಗಳು ನಡೆಯುವುದಕ್ಕೆ ತಗಲುವ ಖರ್ಚು. ಇದನ್ನು ಮೂಲ ಚಯಾಪಚಯ ಎನ್ನುತ್ತಾರೆ. ಎರಡನೆಯದು ಉಂಡದ್ದನ್ನು ಅರಗಿಸುವ ಖರ್ಚು, ಸುಮಾರು ಶೇಕಡಾ ಹತ್ತು. ಮೂರನೆಯದು ಓಡಾಟ, ಕೆಲಸ, ವ್ಯಾಯಾಮ. ಗದ್ದುಗೆಯ ಮೇಲೆ ಕುಳಿತು ವ್ಯವಹರಿಸುವ ನಮ್ಮಂತಹವರಲ್ಲಿ ಒಟ್ಟು ಖರ್ಚಿನ ಶೇಕಡಾ ಅರವತ್ತರಿಂದ ಎಪ್ಪತ್ತರಷ್ಟು ಮೊದಲನೆಯ ಬಾಬಿಗೇ ಸೇರುತ್ತದೆ. ಮಣಿಕಟ್ಟಿನ ಸಾಧನ ಅಳೆಯಲಾರದ ಬಾಬು ಕೂಡ ಅದೇ.

ಹಾಗಾದರೆ ಆ ಅಂಕಿಯನ್ನು ಸಾಧನ ಎಲ್ಲಿಂದ ತರುತ್ತದೆ? ಕೊಂಡ ದಿನ ನಾವೇ ತುಂಬಿಸಿದ ನಾಲ್ಕು ವಿವರಗಳಿಂದ: ವಯಸ್ಸು, ಎತ್ತರ, ತೂಕ, ಸ್ತ್ರೀ ಅಥವಾ ಪುರುಷ. ಇವನ್ನು ಒಂದು ಸೂತ್ರಕ್ಕೆ ಹಾಕಿದರೆ ಉತ್ತರ ಬರುತ್ತದೆ. ಬಹಳವಾಗಿ ಬಳಕೆಯಲ್ಲಿರುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ. ಕಿಲೋ ತೂಕವನ್ನು ಹತ್ತರಿಂದ ಗುಣಿಸಿ, ಸೆಂಟಿಮೀಟರ್ ಎತ್ತರವನ್ನು 6.25ರಿಂದ ಗುಣಿಸಿ ಎರಡನ್ನೂ ಕೂಡಿಸಿ, ವಯಸ್ಸಿನ ಐದರಷ್ಟನ್ನು ಕಳೆದು, ಪುರುಷನಾದರೆ ಐದು ಸೇರಿಸುವುದು, ಸ್ತ್ರೀಯಾದರೆ 161 ಕಳೆಯುವುದು. 65 ವರ್ಷದ, 165 ಸೆಂಟಿಮೀಟರ್ ಎತ್ತರದ, 62 ಕಿಲೋ ತೂಕದ ಒಬ್ಬ ಗೃಹಸ್ಥನಿಗೆ ಇದು 1,331 ಕ್ಯಾಲೊರಿ ಕೊಡುತ್ತದೆ. ಗಂಟೆಗೆ ಸುಮಾರು 55. ಆತ ಬೆಳಿಗ್ಗೆ ಆರಕ್ಕೆ ಎದ್ದು ಗಡಿಯಾರ ನೋಡಿದರೆ ಆಗಲೇ ಮುನ್ನೂರಕ್ಕಿಂತ ಹೆಚ್ಚು ಕ್ಯಾಲೊರಿ ಖರ್ಚಾಗಿರುತ್ತದೆ! ಕೆಲವು ಸಾಧನಗಳಲ್ಲಿ ಪಟ್ಟಿಯನ್ನು ಬಿಚ್ಚಿ ಮೇಜಿನ ಖಾನೆಯಲ್ಲಿಟ್ಟರೂ ಈ ಖರ್ಚು ಏರುತ್ತಲೇ ಇರುತ್ತದೆ. ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ಅಪರಿಚಿತವಲ್ಲ. ವರ್ಷಾಂತ್ಯದಲ್ಲಿ ಯಂತ್ರೋಪಕರಣಗಳ ಮೇಲೆ ಸವಕಳಿ ಬರೆಯುವಾಗಲೂ ವೋಚರ್ ಇರುವುದಿಲ್ಲ. ಒಂದು ದರದ ಪ್ರಕಾರ ಬರೆಯುತ್ತೇವೆ. ಆದರೆ ಅದನ್ನು ‘ಸವಕಳಿ’ ಎಂದು ಹೆಸರಿಸಿ, ದರವನ್ನೂ ಕಾಣಿಸಿ ಬರೆಯುತ್ತೇವೆ. ರೊಕ್ಕದ ಖರ್ಚಿನೊಡನೆ ಕೂಡಿಸಿ ಒಂದೇ ಮೊತ್ತವಾಗಿ ತೋರಿಸಿದರೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕುವುದಿಲ್ಲ.

ಇಲ್ಲಿ ಒಂದು ಕಂಪನಿಯ ಪದ್ಧತಿಯನ್ನು ಮೆಚ್ಚಿ ಹೇಳಬೇಕು. ಆಪಲ್‌ನ ವಾಚ್ ಚಲನೆಯ ಖರ್ಚನ್ನು ಬೇರೆಯಾಗಿ, ಒಟ್ಟು ಖರ್ಚನ್ನು ಬೇರೆಯಾಗಿ ತೋರಿಸುತ್ತದೆ. ಅಂದಾಜು ಅಲ್ಲಿಯೂ ಅಂದಾಜೇ. ಆದರೂ ಖಾತೆಗಳು ಪ್ರತ್ಯೇಕವಾಗಿವೆ.

ಸೂತ್ರಗಳ ಪೂರ್ವಾಪರ ತಿಳಿದರೆ ನಮ್ಮ ವಿಚಾರಕ್ಕೆ ಇನ್ನಷ್ಟು ಬೆಳಕು ದೊರೆಯುತ್ತದೆ. ಈ ಬಗೆಯ ಸೂತ್ರಗಳಲ್ಲಿ ಪ್ರಸಿದ್ಧವಾದ ಹ್ಯಾರಿಸ್–ಬೆನೆಡಿಕ್ಟ್ ಸೂತ್ರ ಅಮೆರಿಕದಲ್ಲಿ 1919ರಲ್ಲಿ ಗ್ರಂಥರೂಪದಲ್ಲಿ ಬಂತು. 136 ಪುರುಷರು, 103 ಸ್ತ್ರೀಯರು, 94 ಶಿಶುಗಳನ್ನು ಅಳೆದು ಕಟ್ಟಿದ್ದು. ಮಿಫ್ಲಿನ್ ಅವರದು 498 ಜನರ ಅಳತೆ, ಅದೂ ಅಮೆರಿಕದ್ದೇ. 1985ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಜಗತ್ತಿಗೆಲ್ಲ ಅನ್ವಯಿಸಲೆಂದು ಹೊರಡಿಸಿದ ಸೂತ್ರಗಳ ಹಿಂದೆ ಏಳು ಸಾವಿರದಷ್ಟು ಅಳತೆಗಳಿದ್ದವು. ಆದರೆ ಅವುಗಳಲ್ಲಿ ಸುಮಾರು ಅರ್ಧದಷ್ಟು ಇಟಲಿಯವರವು, ಅದರಲ್ಲೂ ಸೈನಿಕರು, ಶ್ರಮಿಕರು ಬಹಳ. ಆ ಸೂತ್ರಗಳು ವಯಸ್ಸಿನ ಗುಂಪುಗಳಿಗೆ ಪ್ರತ್ಯೇಕವಾಗಿವೆ. ನಾನು ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದೆ. 62 ಕಿಲೋ ತೂಕದ ಪುರುಷನಿಗೆ ಮೂವತ್ತರಿಂದ ಅರವತ್ತರ ಗುಂಪಿನ ಸೂತ್ರದಲ್ಲಿ ದಿನಕ್ಕೆ 1,598 ಕ್ಯಾಲೊರಿ. ಅರವತ್ತು ಮೀರಿದವರ ಸೂತ್ರದಲ್ಲಿ 1,324. ಅಂದರೆ ಷಷ್ಟಿಪೂರ್ತಿಯ ಹಿಂದಿನ ರಾತ್ರಿ ಮಲಗಿದವನು ಬೆಳಿಗ್ಗೆ ಏಳುವಷ್ಟರಲ್ಲಿ 274 ಕ್ಯಾಲೊರಿಗಳನ್ನು ಕಳೆದುಕೊಂಡಿರುತ್ತಾನೆ. ದೇಹಕ್ಕೆ ಇದರ ಅರಿವಿರುವುದಿಲ್ಲ. ಸಾವಿರಾರು ಜನರ ಸರಾಸರಿಗೆ ಸಲ್ಲುವ ಕೋಷ್ಟಕವನ್ನು ಒಬ್ಬನ ಮೇಲೆ ಹೊರಿಸಿದಾಗ ಹೀಗಾಗುತ್ತದೆ.

ಈ ಕೋಷ್ಟಕಗಳು ನಮ್ಮ ದೇಶದವರಿಗೆ ಸರಿಹೊಂದುವುದಿಲ್ಲ ಎಂಬುದನ್ನು ಅಳೆದು ತೋರಿಸಿದವರಲ್ಲಿ ನಮ್ಮ ರಾಜ್ಯದವರೇ ಪ್ರಮುಖರು ಎಂಬುದು ಅನೇಕರಿಗೆ ತಿಳಿದಿರಲಾರದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್, ಅನುರಾ ಕುರ್ಪಾಡ್ ಮೊದಲಾದವರು 1980 ಮತ್ತು 90ರ ದಶಕಗಳಲ್ಲಿ ಭಾರತೀಯರ ಮೂಲ ಚಯಾಪಚಯವನ್ನು ಉಸಿರಿನ ಮೂಲಕ ನೇರವಾಗಿ ಅಳೆದರು. ಅಂತರರಾಷ್ಟ್ರೀಯ ಸೂತ್ರಗಳು ಭಾರತೀಯರ ಖರ್ಚನ್ನು ಶೇಕಡಾ ಹತ್ತರ ಆಸುಪಾಸಿನಲ್ಲಿ ಹೆಚ್ಚಾಗಿ ತೋರಿಸುತ್ತವೆ ಎಂಬುದು ಹೊರಬಂತು; ಸೋರೆಸ್ ಮತ್ತು ಸಂಗಡಿಗರು 1993ರಲ್ಲಿ ಭಾರತೀಯ ಪುರುಷರಿಗೆಂದೇ ಬೇರೆ ಸೂತ್ರಗಳನ್ನು ಪ್ರಕಟಿಸಿದರು. ಇದಕ್ಕೆ ಜನಾಂಗವನ್ನು ಕಾರಣವೆನ್ನುವುದಕ್ಕಿಂತ ದೇಹದ ಘಟನೆಯನ್ನು ನೋಡುವುದು ಯುಕ್ತ. ಅಷ್ಟೇ ತೂಕದ ಇಬ್ಬರಲ್ಲಿ ಮಾಂಸಖಂಡ ಹೆಚ್ಚಿರುವವನ ಖರ್ಚು ಹೆಚ್ಚು, ಕೊಬ್ಬು ಹೆಚ್ಚಿರುವವನದು ಕಡಿಮೆ. ನಮ್ಮಲ್ಲಿ ಮಾಂಸಖಂಡದ ಪಾಲು ಸಾಮಾನ್ಯವಾಗಿ ಕಡಿಮೆ. ಸಾಧನಕ್ಕೆ ಕೊಟ್ಟ ನಾಲ್ಕು ವಿವರಗಳಲ್ಲಿ ಈ ಪಾಲು ಇಲ್ಲವೇ ಇಲ್ಲ. ಶೇಕಡಾ ಹತ್ತು ಎಂದರೆ ಮೇಲೆ ಹೇಳಿದ ಗೃಹಸ್ಥನಿಗೆ ದಿನಕ್ಕೆ ನೂರಮೂವತ್ತು ಕ್ಯಾಲೊರಿ. ಆ ‘ಖರ್ಚಿ’ಗೆ ಸರಿಸಮವಾಗಿ ಉಣ್ಣುತ್ತಿದ್ದೇನೆಂದು ನಂಬಿದವನು ದಿನವೂ ಅಷ್ಟನ್ನು ಹೆಚ್ಚಾಗಿ ಉಣ್ಣುತ್ತಿರುತ್ತಾನೆ. ಒಂದು ದಿನಕ್ಕೆ ಅದು ಅಲ್ಪ. ವರ್ಷಗಟ್ಟಲೆ ಸಾಗಿದರೆ ಅಲ್ಪವಲ್ಲ.

ಇನ್ನು ಉಪವಾಸದ ದಿನಗಳು. ಪರ್ಯೂಷಣದಲ್ಲಿ, ದಶಲಕ್ಷಣದಲ್ಲಿ ನಿರಾಹಾರವಿರುವವರ ಕೈಯಲ್ಲಿಯೂ ಈ ಪಟ್ಟಿ ಇರುತ್ತದೆ. ಅಂದು ಅರಗಿಸುವ ಕೆಲಸವಿಲ್ಲ. ಎರಡನೆಯ ಬಾಬು ಶೂನ್ಯ. ಉಪವಾಸ ಮುಂದುವರಿದಂತೆ ಮೊದಲನೆಯ ಬಾಬೂ ಇಳಿಯುತ್ತ ಹೋಗುತ್ತದೆ. ದೇಹ ತಾನೇ ಖರ್ಚನ್ನು ಹಿಡಿತಕ್ಕೆ ತಂದುಕೊಳ್ಳುತ್ತದೆ. ಸಾಧನದಲ್ಲಿರುವ ವಯಸ್ಸು, ಎತ್ತರ, ತೂಕ ಮಾತ್ರ ನಿನ್ನೆಯವೇ ಆದ್ದರಿಂದ ಅದು ನಿನ್ನೆಯ ದರದಲ್ಲೇ ಬರೆಯುತ್ತದೆ. ಸೋಜಿಗವೆಂದರೆ ಈ ಇಳಿಕೆಯನ್ನು ಬಹು ಹಿಂದೆಯೇ ಅಳೆದು ದಾಖಲಿಸಿದವರು ಹ್ಯಾರಿಸ್ ಅವರ ಜೊತೆ ಸೂತ್ರ ಕಟ್ಟಿದ ಫ್ರಾನ್ಸಿಸ್ ಬೆನೆಡಿಕ್ಟ್ ಅವರೇ. 1912ರಲ್ಲಿ ಬಾಸ್ಟನ್ನಿನ ಕಾರ್ನೆಗಿ ಪೋಷಣಾ ಪ್ರಯೋಗಾಲಯದಲ್ಲಿ ಮಾಲ್ಟಾ ದ್ವೀಪದ ಲೆವಾನ್ಜಿನ್ ಎಂಬಾತ ನೀರನ್ನು ಮಾತ್ರ ಸೇವಿಸಿ 31 ದಿನ ಉಪವಾಸವಿದ್ದ. ನಮ್ಮ ಪರಿಭಾಷೆಯಲ್ಲಿ ಅದು ಮಾಸೋಪವಾಸ. ಆತನ ಉದ್ದೇಶ ಮಾತ್ರ ಬೇರೆ. ತೂಕ ಸುಮಾರು 13 ಕಿಲೋ ಇಳಿಯಿತು, ವಿಶ್ರಾಂತಿಯ ಖರ್ಚೂ ಕುಗ್ಗಿತು. ಆ ಕಾಲದಲ್ಲೇ ತಿಳಿದಿದ್ದ ಸಂಗತಿ ಇಂದಿನ ಸಾವಿರಾರು ರೂಪಾಯಿಯ ಸಾಧನಕ್ಕೆ ತಿಳಿದಿಲ್ಲ. ಉಪವಾಸದ ಫಲವನ್ನು ಕ್ಯಾಲೊರಿಯಲ್ಲಿ ಎಣಿಸುವ ಪ್ರವೃತ್ತಿಯ ಔಚಿತ್ಯವನ್ನು ಇಲ್ಲಿ ಚರ್ಚಿಸುವುದಿಲ್ಲ. ಎಣಿಕೆಯೇ ತಪ್ಪು ಎಂದಷ್ಟೇ ಹೇಳುತ್ತಿದ್ದೇನೆ.

ಮೂರನೆಯ ಬಾಬಿನಲ್ಲಿ ಮಾತ್ರ ಸಾಧನ ನಿಜವಾಗಿ ಏನನ್ನಾದರೂ ಅಳೆಯುತ್ತದೆ. ಅದು ಅಳೆಯುವುದು ಕೈಯ ಅಲುಗಾಟವನ್ನು ಮತ್ತು ಹಸಿರು ಬೆಳಕನ್ನು ಚರ್ಮದೊಳಗೆ ಬಿಟ್ಟು ಹಿಂದಿರುಗುವ ಬೆಳಕಿನ ಏರಿಳಿತದಿಂದ ನಾಡಿಯ ಮಿಡಿತವನ್ನು. ಕ್ಯಾಲೊರಿ ಎಂಬುದು ಇವೆರಡರಿಂದ ಮತ್ತೆ ಊಹಿಸಿದ್ದು. ಚಪಾತಿಯ ಹಿಟ್ಟು ನಾದುವ ಕೈ, ಗಂಧ ತೇಯುವ ಕೈ ಅಲುಗುತ್ತದೆ. ಕೂತಲ್ಲೇ ಹೆಜ್ಜೆಗಳು ಏರಬಹುದು. ಎರಡೂ ಕೈಗಳಲ್ಲಿ ತುಂಬಿದ ಚೀಲ ಹಿಡಿದು ದೇವರಾಜ ಮಾರುಕಟ್ಟೆಯಿಂದ ನಡೆದು ಬಂದವನ ಕೈ ಅಲುಗುವುದಿಲ್ಲ. ಆತನ ಶ್ರಮಕ್ಕೆ ಲೆಕ್ಕ ಕಡಿಮೆ. ನಾಡಿಯ ವಿಷಯವೂ ಹೀಗೆಯೇ. ಬಿಸಿಲು, ಜ್ವರ, ಕಾಫಿ, ಕೋಪ ಇವೆಲ್ಲ ಮಿಡಿತವನ್ನು ಏರಿಸುತ್ತವೆ, ಖರ್ಚನ್ನು ಆ ಪ್ರಮಾಣದಲ್ಲಿ ಏರಿಸುವುದಿಲ್ಲ. ನನ್ನ ವಯಸ್ಸಿನ ಎಷ್ಟೋ ಮಂದಿ ರಕ್ತದೊತ್ತಡಕ್ಕಾಗಿ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ನುಂಗುವವರು. ಅವು ಮಿಡಿತವನ್ನು ಏರಗೊಡುವುದಿಲ್ಲ. ಏದುಸಿರು ಬಿಡುತ್ತ ದಿಣ್ಣೆ ಹತ್ತಿದರೂ ಸಾಧನ ‘ಸಾವಕಾಶ ನಡಿಗೆ’ ಎಂದು ಬರೆದುಕೊಳ್ಳಬಹುದು.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಮಣಿಕಟ್ಟಿನ ಸಾಧನಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಿದರು. ನಾಡಿಯ ಎಣಿಕೆಯಲ್ಲಿ ಏಳರಲ್ಲಿ ಆರು ಸಾಧನಗಳ ವ್ಯತ್ಯಾಸ ಶೇಕಡಾ ಐದಕ್ಕಿಂತ ಕಡಿಮೆ, ಇದು ಶ್ಲಾಘನೀಯ. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದರ ವ್ಯತ್ಯಾಸವೇ ಶೇಕಡಾ 27, ಎಲ್ಲಕ್ಕಿಂತ ಕೆಟ್ಟದ್ದರದು ಶೇಕಡಾ 93. ಆ ಮಾದರಿಗಳು ಈಗ ಹಳೆಯವಾಗಿವೆ, ಹೊಸವು ಸುಧಾರಿಸಿರಬಹುದು ಎಂಬ ವಾದವನ್ನು ಒಪ್ಪೋಣ. ಹಾಗಿದ್ದರೆ ಇಂದಿನ ವ್ಯತ್ಯಾಸ ಎಷ್ಟು ಎಂಬುದನ್ನು ಅಂಕಿಯ ಪಕ್ಕದಲ್ಲಿ ಮುದ್ರಿಸಲು ಏನು ಅಡ್ಡಿ? ಕಿಲೋಗೆ 270 ಗ್ರಾಂ ವ್ಯತ್ಯಾಸ ಬರುವ ತಕ್ಕಡಿಯನ್ನು ಸಂತೆಪೇಟೆಯ ಯಾವ ಅಂಗಡಿಯವನಾದರೂ ಒಂದು ದಿನ ಇಟ್ಟುಕೊಂಡಿರಲು ಸಾಧ್ಯವೆ?

ಆ್ಯಪ್‌ಗಳು ಬಳಸುವ ಇನ್ನೊಂದು ಕೋಷ್ಟಕವಿದೆ. ಪ್ರತಿಯೊಂದು ಚಟುವಟಿಕೆಗೂ ‘ಮೆಟ್’ ಎಂಬ ಅಂಕವನ್ನು ಕೊಟ್ಟಿರುವ ಪಟ್ಟಿ ಅದು. 1993ರಲ್ಲಿ ಮೊದಲು ಪ್ರಕಟವಾಯಿತು. ಸುಮ್ಮನೆ ಕುಳಿತಿರುವುದು ಒಂದು ಮೆಟ್, ಅಂದರೆ ಕಿಲೋ ತೂಕಕ್ಕೆ ಗಂಟೆಗೆ ಒಂದು ಕ್ಯಾಲೊರಿ. ಸಾಧಾರಣ ವೇಗದ ನಡಿಗೆ ಸುಮಾರು ಮೂರೂವರೆ. ನಮ್ಮ 62 ಕಿಲೋ ಗೃಹಸ್ಥ ಒಂದು ಗಂಟೆ ನಡೆದರೆ 217 ಕ್ಯಾಲೊರಿ. ಇಲ್ಲಿ ಎರಡು ದೋಷಗಳು ಕಣ್ಣಿಗೆ ಬೀಳುತ್ತವೆ. ಮನೆಯಲ್ಲೇ ಕುಳಿತಿದ್ದರೂ ಆ ಗಂಟೆಗೆ 55 ಖರ್ಚಾಗುತ್ತಿತ್ತು. ಅದು ಮೂಲ ಚಯಾಪಚಯದಲ್ಲಿ ಆಗಲೇ ಸೇರಿದೆ. ನಡಿಗೆಯಿಂದ ನಿಜವಾಗಿ ಹೆಚ್ಚಾದದ್ದು 160ರಷ್ಟು. ಕೆಲವು ಆ್ಯಪ್‌ಗಳು 217ನ್ನೂ ದಿನದ ಮೊತ್ತಕ್ಕೆ ಸೇರಿಸಿ, ‘ಇಷ್ಟನ್ನು ಇಂದು ಹೆಚ್ಚಾಗಿ ಉಣ್ಣಬಹುದು’ ಎನ್ನುತ್ತವೆ. ಒಂದೇ ಖರ್ಚನ್ನು ಎರಡು ಸಲ ಬರೆದಂತೆ. ಎರಡನೆಯದಾಗಿ, ಒಂದು ಮೆಟ್ ಲೆಕ್ಕದಲ್ಲಿ ಕುಳಿತವನ ಖರ್ಚು ಗಂಟೆಗೆ 62, ಸೂತ್ರದ ಲೆಕ್ಕದಲ್ಲಿ 55. ಒಂದೇ ಕಿರ್ದಿ ಪುಸ್ತಕದಲ್ಲಿ ಒಂದೇ ಸರಕಿಗೆ ಎರಡು ದರ! ಹೀನಾಧಿಕ ಮಾನೋನ್ಮಾನ ಎಂಬ ಮಾತು ನನಗೆ ನೆನಪಾದದ್ದು ಇಲ್ಲಿಯೇ.

ಶ್ರಮಕ್ಕೂ ಆಹಾರಕ್ಕೂ ಇರುವ ಪ್ರಮಾಣವನ್ನು ತಿಳಿಯಲು ಸಾಧನವೇನೂ ಬೇಕಿಲ್ಲ. ಪ್ರೌಢಶಾಲೆಯ ಭೌತಶಾಸ್ತ್ರ ಸಾಕು. ಶ್ರವಣಬೆಳಗೊಳದ ವಿಂಧ್ಯಗಿರಿ ಬುಡದಿಂದ 470 ಅಡಿ, ಸುಮಾರು 143 ಮೀಟರ್ ಎತ್ತರ. 62 ಕಿಲೋ ದೇಹವನ್ನು ಅಷ್ಟು ಎತ್ತರಕ್ಕೆ ಒಯ್ಯುವ ಕೆಲಸ 21 ಕ್ಯಾಲೊರಿಗೆ ಸಮ. ಮಾಂಸಖಂಡಗಳು ತಾವು ಉರಿಸಿದ್ದರಲ್ಲಿ ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸುತ್ತವೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಆದ್ದರಿಂದ ಖರ್ಚು ಎಂಬತ್ತರ ಮೇಲೆ ಸ್ವಲ್ಪ. ಬೆವರು ಸುರಿಸಿ, ನಡುನಡುವೆ ನಿಂತು, ಬರಿಗಾಲಿನಲ್ಲಿ ಬೆಟ್ಟವೇರಿ ಸ್ವಾಮಿಯ ದರ್ಶನ ಪಡೆದವನ ದೇಹ ಆ ಏರಿಕೆಗಾಗಿ ಖರ್ಚು ಮಾಡಿದ್ದು ತುಪ್ಪ ಸವರದ ಒಂದು ಚಪಾತಿಯಷ್ಟು. ಡೋಲಿಯಲ್ಲಿ ಕುಳಿತು ಏರಿದವರ ಪಾಲಿನದನ್ನು ಹೊತ್ತವರು ಖರ್ಚು ಮಾಡಿರುತ್ತಾರೆ. ಅವರ ಮಣಿಕಟ್ಟಿನಲ್ಲಿ ಪಟ್ಟಿ ಇರುವುದಿಲ್ಲ.

ದಿನದ ನಿಜವಾದ ಖರ್ಚನ್ನು, ಮನುಷ್ಯ ತನ್ನ ಪಾಡಿಗೆ ಓಡಾಡಿಕೊಂಡಿರುವಾಗಲೇ, ಅಳೆಯುವ ವಿಧಾನ ಇಲ್ಲವೆಂದಲ್ಲ. ಭಾರವಾದ ಜಲಜನಕ, ಭಾರವಾದ ಆಮ್ಲಜನಕ ಬೆರೆತ ನೀರನ್ನು ಕುಡಿಸಿ, ಒಂದೆರಡು ವಾರ ಮೂತ್ರವನ್ನು ಪರೀಕ್ಷಿಸುತ್ತಾರೆ. ಜಲಜನಕ ನೀರಾಗಿ ಮಾತ್ರ ಹೊರಹೋಗುತ್ತದೆ. ಆಮ್ಲಜನಕ ನೀರಾಗಿಯೂ ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡರ ವ್ಯತ್ಯಾಸದಿಂದ ಖರ್ಚು ತಿಳಿಯುತ್ತದೆ. ಮನುಷ್ಯರ ಮೇಲೆ ಇದರ ಬಳಕೆ 1982ರಿಂದ ವರದಿಯಾಗಿದೆ, ವೆಚ್ಚ ದುಬಾರಿ. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಈ ವಿಧಾನದಿಂದ ಟಾಂಜಾನಿಯದ ಹಾಡ್ಜಾ ಬೇಟೆಗಾರರನ್ನು ಅಳೆದು 2012ರಲ್ಲಿ ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಚಕಿತಗೊಳಿಸಿತು. ದಿನವಿಡೀ ನಡೆಯುವ ಆ ಜನರ ಒಟ್ಟು ಖರ್ಚು, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ, ಅಮೆರಿಕದ ನಗರವಾಸಿಗಳದಕ್ಕಿಂತ ಬೇರೆಯಾಗಿರಲಿಲ್ಲ. ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಬಿಗಿಹಿಡಿಯುತ್ತದೆ ಎಂಬುದು ಅವರ ವಿವರಣೆ. ಇದನ್ನು ಎಲ್ಲ ವಿಜ್ಞಾನಿಗಳೂ ಪೂರ್ತಿಯಾಗಿ ಒಪ್ಪಿಲ್ಲ. ಆದರೆ ಬಾಬುಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗುವ ಆ್ಯಪ್‌ಗಳ ಪದ್ಧತಿ ಪ್ರಶ್ನಾತೀತವಲ್ಲ ಎಂಬುದಂತೂ ಸ್ಪಷ್ಟ. ನಡಿಗೆಯಿಂದ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಆಗುವ ಪ್ರಯೋಜನಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ.

ಜಮಾ ಪುಟ, ಅಂದರೆ ಉಂಡದ್ದರ ಲೆಕ್ಕ, ಇದಕ್ಕಿಂತ ಶುದ್ಧವೇನಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ 528 ಆಹಾರ ಪದಾರ್ಥಗಳ ಕೋಷ್ಟಕವನ್ನು ಹೊರತಂದಿದೆ. ಬೆಂಗಳೂರಿನಲ್ಲೇ 2012ರಲ್ಲಿ ಹುಟ್ಟಿದ ಹೆಲ್ತಿಫೈಮಿ ಆ್ಯಪ್ ಭಾರತೀಯ ಅಡುಗೆಗಳನ್ನು ಲೆಕ್ಕಕ್ಕೆ ತಂದಿದೆ. ಆದರೆ ಯಾವ ಕೋಷ್ಟಕವೂ ನಮ್ಮ ಮನೆಯ ತುಪ್ಪದ ಮಿಳ್ಳೆಯನ್ನು ನೋಡಿಲ್ಲ. ಐದು ಗ್ರಾಂ ತುಪ್ಪಕ್ಕೆ 45 ಕ್ಯಾಲೊರಿ. ಬಡಿಸುವ ಕೈಯ ಔದಾರ್ಯದಲ್ಲಿ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಆಲೂಗಡ್ಡೆಯಿಲ್ಲದ ನಮ್ಮ ಸಾಗುವಿಗೆ ಆಲೂಗಡ್ಡೆಯ ಕ್ಯಾಲೊರಿಯನ್ನು ಹಚ್ಚುವುದು ಬೇರೆ.

ಈ ಎಲ್ಲ ಲೆಕ್ಕವನ್ನು ವಯಸ್ಸಾದವರ ಹವ್ಯಾಸವೆಂದು ನಕ್ಕು ಬಿಡಬಹುದಿತ್ತು. ನಮ್ಮ ಟ್ರಸ್ಟ್‌ಗಳು ನಡೆಸುವ ವಿದ್ಯಾರ್ಥಿನಿಯರ ನಿಲಯಗಳ ವಿಚಾರ ಇಲ್ಲದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಲೂ ಇರಲಿಲ್ಲ. ತೂಕ ಇಳಿಸಬೇಕೆಂದು ಕೇಳಿದ ಹೆಣ್ಣುಮಗಳಿಗೆ ಕೆಲವು ಆ್ಯಪ್‌ಗಳು ದಿನಕ್ಕೆ 1,200 ಕ್ಯಾಲೊರಿಯ ಮಿತಿ ಹಾಕಿಕೊಡುತ್ತವೆ. 2020ರ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸಿನಂತೆ ಕುಳಿತು ಕೆಲಸ ಮಾಡುವ 55 ಕಿಲೋ ತೂಕದ ವಯಸ್ಕ ಸ್ತ್ರೀಗೆ ಬೇಕಾದದ್ದು 1,660; ಬೆಳೆಯುವ ವಯಸ್ಸಿನವರಿಗೆ ಇನ್ನೂ ಹೆಚ್ಚು. ಶಿಫಾರಸೂ ಒಂದು ಸರಾಸರಿಯೇ, ಆದರೆ ಅದು ಹಾಗೆಂದು ಹೇಳಿಕೊಂಡೇ ಬಂದಿದೆ. ಸೂರ್ಯಾಸ್ತದ ಮೊದಲು ಊಟ ಮುಗಿಸುವ ನಿಯಮವಿರುವ ನಿಲಯದಲ್ಲಿ ಒಂದು ಹೊತ್ತು ತಟ್ಟೆಯನ್ನು ಹಿಂದಕ್ಕೆ ಸರಿಸಿದ ಹುಡುಗಿಗೆ ಮರುದಿನ ಬೆಳಗಿನವರೆಗೆ ಬೇರೆ ಆಹಾರವಿಲ್ಲ. ‘ಇಂದು ಏಕಾಶನ’ ಎಂದು ಆಕೆ ಹೇಳಿದರೆ ಮೇಲ್ವಿಚಾರಕಿ ಸಂತೋಷಪಟ್ಟು ಸುಮ್ಮನಾಗುವ ಸಂಭವವೇ ಹೆಚ್ಚು. ವ್ರತದ ಹೆಸರಿನಲ್ಲಿ ನಡೆದದ್ದು ಆ್ಯಪಿನ ಆಜ್ಞಾಪಾಲನೆಯೋ ಎಂಬುದನ್ನು ವಿಚಾರಿಸುವ ಹೊಣೆ ಟ್ರಸ್ಟಿನದು. ತಿಂಗಳಿಗೊಮ್ಮೆ ಮುದ್ರೆಯಿರುವ ತಕ್ಕಡಿಯಲ್ಲಿ ನಿಲಯದ ಮಕ್ಕಳ ತೂಕ ನೋಡಿ ಪುಸ್ತಕದಲ್ಲಿ ಬರೆದಿಡುವುದಕ್ಕೆ ಹೆಚ್ಚಿನ ಖರ್ಚೇನೂ ಬೀಳುವುದಿಲ್ಲ. ಎರಡು ತಿಂಗಳು ಸತತವಾಗಿ ತೂಕ ಇಳಿದವಳನ್ನು ವೈದ್ಯರಿಗೆ ತೋರಿಸಬೇಕು. 1,660ರಲ್ಲಿ 1,200 ಕಳೆದರೆ ಉಳಿಯುವುದು 460; ಆ ವಯಸ್ಸಿನ ಹುಡುಗಿಗೆ ಅದು ಒಂದು ಹೊತ್ತಿನ ಊಟ.